ಖೋ ಕೊಟ್ಟ ಹುಡುಗಿಯರು

ಆಗಸ್ಟ್ ಬಂತೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಶಾಲೆಗಳಲ್ಲಿ ವಲಯ ಮಟ್ಟದ ಕ್ರೀಡಾಕೂಟದ ಗಡಿಬಿಡಿ. ಮಳೆಯೂ ಅದೇ ಹೊತ್ತಿಗೆ. ಎರೆಮಣ್ಣು ಹಸಿಯಾದರೆ ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಳ್ಳುತ್ತದೆ. ಶಹಾಬಾದ್, ವಾಡಿ ಕಡೆ ಅಂಗಳಕ್ಕೆ ಫರಸಿ ಹಾಸಿದ್ದರೆ ಬಿದ್ದವಳ ಮೊಣಕಾಲು ತರಚುವುದು ಖಾತ್ರಿ. ಆದರೂ ಹುಡುಗಿಯರು ಆಡುತ್ತಾರೆ, ಹೆಚ್ಚಾಗಿ ಕಬಡ್ಡಿ, ಖೋ-ಖೋ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಪಿ.ಟಿ. ಮಾಸ್ತರರ ಸೀಟಿ ಇದ್ದರೆ ಖೋ-ಖೋಗೆ ಸಾಕು.

ಸಾಲಾಗಿ ಕುಳಿತ ಎಂಟು ಮಂದಿ ಒಬ್ಬಳು ಅತ್ತ, ಒಬ್ಬಳು ಇತ್ತ ಮುಖ ಮಾಡಿರುತ್ತಾರೆ. ಎದುರಾಳಿಯನ್ನು ಬೆನ್ನಟ್ಟುತ್ತಿರುವವಳು ಬೆನ್ನು ಮುಟ್ಟಿ ‘ಖೋ’ ಎಂದೊಡನೆ ಎದ್ದು ಓಡಬೇಕು. ಹಿಡಿದ ದಿಕ್ಕು ಬದಲಿಸುವಂತಿಲ್ಲ, ಸಾಲಿನ ನಡುವೆ ನುಸುಳುವಂತಿಲ್ಲ. ಮುಂದೆ ಯಾರನ್ನು ಎಬ್ಬಿಸಬೇಕೆಂದು ಓಡುತ್ತಲೇ ನಿರ್ಧರಿಸಬೇಕು. ಮನೆಯಲ್ಲಿ ‘ಮೆಲ್ಲಗ ಮಾತಾಡು’ ಎಂದು ಹೇಳಿಸಿಕೊಂಡವಳು ಇಲ್ಲಿ ಗಂಟಲು ಬಿಟ್ಟು ಕೂಗಲೇಬೇಕು, ಕೇಳಿಸದಿದ್ದರೆ ಫೌಲ್!

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ಕುರುಬೂರಿನವರು. ಕರ್ನಾಟಕ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಬಹುಮಾನವನ್ನು ಅವರು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿಯ ಜೊತೆ ನೌಕರಿಯನ್ನೂ ಘೋಷಿಸಿತ್ತು. ಹಳ್ಳಿಯ ಹುಡುಗಿಯೊಬ್ಬಳು ಸರ್ಕಾರದ ಎದುರು ‘ಇಷ್ಟು ಸಾಲದು’ ಅಂದದ್ದು ಪದಕಕ್ಕಿಂತ ಸಣ್ಣ ಮಾತೇನಲ್ಲ.

ನೌಕರಿಯ ಮಾತು ಇಲ್ಲಿನ ತಂದೆತಾಯಿಗೆ ಬೇಗ ತಲುಪುತ್ತದೆ. ಕಾರ್ಕಳ ತಾಲ್ಲೂಕಿನ ಕಬಡ್ಡಿ ಆಟಗಾರ್ತಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ದಕ್ಷಿಣ ಮಧ್ಯ ರೈಲ್ವೆಯ ಉದ್ಯೋಗಿಯಾದವರು. ಚಿತ್ತಾಪುರ, ಸೇಡಂ ನಿಲ್ದಾಣಗಳು ಇರುವುದೂ ಅದೇ ರೈಲ್ವೆಯಲ್ಲಿ.

ತೊಡಕು ಶುರುವಾಗುವುದು ಮೈನೆರೆದ ಮೇಲೆ. ‘ಚಡ್ಡಿ ಹಾಕ್ಕೊಂಡು ಆಡೂದು ಬ್ಯಾಡ’ ಎನ್ನುವ ಮನೆಯನ್ನು ಟ್ರ್ಯಾಕ್‌ ಪ್ಯಾಂಟಿನಿಂದ ಒಪ್ಪಿಸಬಹುದು. ಶಾಲೆಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡುವ ರಾಜ್ಯದ ‘ಶುಚಿ’ ಯೋಜನೆ ಕೆಲ ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ಆಡಲು ಜಾಗ ಬೇಕಲ್ಲ, ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಹತ್ತನೇ ತರಗತಿ ಮುಗಿದ ಮೇಲಿನ ಹಾದಿಯೇ ಕಷ್ಟ: ಪಿಯು ಕಾಲೇಜು ಪಟ್ಟಣದಲ್ಲಿ, ಮನೆ ಹಳ್ಳಿಯಲ್ಲಿ, ಮಧ್ಯೆ ತೊಗರಿ ರಾಶಿಯ ಕೆಲಸ, ಮದುವೆಯ ಮಾತು.

ಗೆದ್ದು ಬಂದವಳಿಗೆ ಶಾಲು ಹೊದಿಸಲು ಜನಕ್ಕೇನೂ ಕೊರತೆಯಿಲ್ಲ. 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ಸಿನ ಟಿಕೆಟ್ಟಿನ ಚಿಂತೆಯೂ ಹೋಯಿತು. ಆದರೆ ಸಂಜೆ ಅಭ್ಯಾಸ ಮುಗಿಸಿ ಬರುವ ಹೊತ್ತಿಗೆ ಊರ ಕಡೆ ಹೋಗುವ ಬಸ್ಸೂ ಇರಬೇಕಲ್ಲ.