ಹಳೇ ಮೆಟಾಲಿಕಾನೇ ಖರೇ ಮೆಟಾಲಿಕಾನಾ?

ಪ್ರತಿ ಹಾಸ್ಟೆಲ್‌ನಲ್ಲೂ ಗಿಟಾರ್ ಇರೋ ಒಂದು ರೂಮ್ ಇರುತ್ತೆ. ರಾತ್ರಿ ಹನ್ನೊಂದಾದ ಮೇಲೆ ಅಲ್ಲಿಂದ ಕೇಳಿಸೋದು ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಹಾಡಿನ ಮೊದಲ ಹತ್ತು ಸೆಕೆಂಡ್. ಯಾಕಂದ್ರೆ ಅಷ್ಟು ನುಡಿಸೋಕೆ ಎಡಗೈ ಬೇಕಾಗೋದೇ ಇಲ್ಲ, ಎಲ್ಲಾ ಓಪನ್ ಸ್ಟ್ರಿಂಗ್. ನಾನು ಮೆಟಾಲಿಕಾಗೆ ಬಂದಿದ್ದು ಆ ಬಾಗಿಲಿನಿಂದಲೇ.

ದೀಪಾವಳಿ ರಜೆಗೆ ರೋಣಕ್ಕೆ ಹೋದಾಗ ಅದನ್ನ ನಮ್ಮ ದೊಡ್ಡಪ್ಪನ ಮಗನ ಮುಂದೆ ನುಡಿಸಿದೆ. ಅಣ್ಣ ನರಗುಂದದವನು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ರಾತ್ರಿ ಬಸ್ ಹತ್ತಿ ಹೋಗಿ ನೋಡಿ ಬಂದವನು. ಪೂರ್ತಿ ಕೇಳಿ, “ಇದು ಮೆಟಲ್ ಅಲ್ಲಲೇ, ಜೋಗುಳ” ಅಂದ. ಅವನ ಪ್ರಕಾರ 1991ರ ಕಪ್ಪು ಆಲ್ಬಮ್ ಬಂದ ದಿನವೇ ಮೆಟಾಲಿಕಾ ಮುಗೀತು. ಕಪ್ಪು ಆಲ್ಬಮ್ ಬಂದಾಗ ಇವನು ಹುಟ್ಟಿಯೂ ಇರಲಿಲ್ಲ! ಅದನ್ನ ಹೇಳಿದೆ, ಜಗಳ ಆಯ್ತು. ಎರಡು ದಿನ ಮಾತಿಲ್ಲ. ಆ ಎರಡು ದಿನದಲ್ಲಿ ನಾನು ಇದನ್ನ ಸ್ವಲ್ಪ ಸೀರಿಯಸ್ ಆಗಿ ಓದಿದೆ.

ಮೊದಲು, ಬದಲಾಗಿದ್ದೇನು? 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು ಎಂಟೂವರೆ ನಿಮಿಷ, ವೇಗ ನಿಮಿಷಕ್ಕೆ 200 ಬೀಟ್‌ಗಿಂತ ಹೆಚ್ಚು. 1991ರ ‘ಎಂಟರ್ ಸ್ಯಾಂಡ್‌ಮನ್’ ಐದೂವರೆ ನಿಮಿಷ, ವೇಗ 120ರ ಆಸುಪಾಸು. ಇದು ಬರೀ ನಂಬರ್ ಅಲ್ಲ. 200 ದಾಟಿದಾಗ ತಂತಿ ಅದುಮಿ ಬಾರಿಸೋ ಗಿಟಾರ್‌ನ ಹೊಡೆತಗಳು ಒತ್ತೊತ್ತಾಗಿ ಬಂದು ಗರಗಸದ ಸದ್ದಿನಂತೆ ಕೇಳುತ್ತವೆ. 120ಕ್ಕೆ ಇಳಿಸಿದರೆ ಹೊಡೆತಗಳ ನಡುವೆ ಜಾಗ ಸಿಗುತ್ತೆ, ಆ ಜಾಗದಲ್ಲಿ ಡ್ರಮ್ ದೊಡ್ಡದಾಗಿ ಕೇಳುತ್ತೆ, ಗಿಟಾರ್ ಗೊತ್ತಿಲ್ಲದವನೂ ತಲೆ ಹಾಕಬಹುದು. 1988ರ ‘ಜಸ್ಟಿಸ್’ ಆಲ್ಬಮ್‌ನ ಉದ್ದುದ್ದ ಹಾಡುಗಳನ್ನ ವೇದಿಕೆ ಮೇಲೆ ನುಡಿಸಿ ಬ್ಯಾಂಡಿಗೇ ಸುಸ್ತಾಗಿತ್ತು. ಹಾಗಾಗಿ ಬಾಬ್ ರಾಕ್ ಅನ್ನೋ ಪ್ರೊಡ್ಯೂಸರ್ ಜೊತೆ ಕೂತು ಹಾಡುಗಳನ್ನ ಚಿಕ್ಕದಾಗಿ, ಭಾರವಾಗಿ ಮಾಡಿದರು. ಅಮೆರಿಕಾ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಯ್ತು.

ಹಾಗಾದ್ರೆ ಹಳಬರಿಗೆ ಅಷ್ಟೊಂದು ಸಿಟ್ಟು ಯಾಕೆ? ನನಗೆ ಸಿಕ್ಕ ಉತ್ತರ ಸಂಗೀತಕ್ಕಿಂತ ಕ್ಯಾಸೆಟ್‌ನಲ್ಲಿದೆ. 1982ರಲ್ಲಿ ಮೆಟಾಲಿಕಾ ಒಂದು ಡೆಮೊ ಮಾಡಿತ್ತು. ಅದನ್ನ ಊರೂರಿಗೆ ಮುಟ್ಟಿಸಿದ್ದು ಯಾವ ಕಂಪನಿಯೂ ಅಲ್ಲ, ಅಭಿಮಾನಿಗಳು. ಮನೆಯಲ್ಲಿ ಕ್ಯಾಸೆಟ್ ಕಾಪಿ ಮಾಡಿ ಪೋಸ್ಟ್‌ನಲ್ಲಿ ಕಳಿಸ್ತಿದ್ದರು. ರೇಡಿಯೋ, ಟಿವಿ ಮುಟ್ಟದ ಬ್ಯಾಂಡನ್ನ ಇವರು ಹೊತ್ತು ಬೆಳೆಸಿದ್ದರು. 1989ರಲ್ಲಿ ‘ಒನ್’ ಹಾಡಿಗೆ ಮೊದಲ ಮ್ಯೂಸಿಕ್ ವಿಡಿಯೋ ಮಾಡಿದಾಗಲೇ ಎಷ್ಟೋ ಜನ ಮುನಿಸಿಕೊಂಡರು. 1996ರ ‘ಲೋಡ್’ ಹೊತ್ತಿಗೆ ಕೂದಲು ಬೇರೆ ಕತ್ತರಿಸಿಬಿಟ್ಟರು! ನಗು ಬರುತ್ತೆ, ಆದರೆ ಆ ಉದ್ದ ಕೂದಲು “ನಾವು ಬೇರೆ” ಅನ್ನೋದರ ಗುರುತಾಗಿತ್ತು. ನಮ್ಮಣ್ಣನೂ ನರಗುಂದದಲ್ಲಿ ಒಬ್ಬನೇ ಕೂತು ಪೆನ್‌ಡ್ರೈವ್‌ನಲ್ಲಿ ಕೇಳಿ ಬೆಳೆದವನು. ಅವನ ಜೊತೆ ಇದನ್ನ ಕೇಳೋರು ಊರಲ್ಲಿ ಯಾರೂ ಇರಲಿಲ್ಲ. ನಾನು ಸುಲಭದ ಬಾಗಿಲಿಂದ ಒಳಗೆ ಬಂದು ಅವನ ಕುರ್ಚಿಯಲ್ಲಿ ಕೂತಿದ್ದೆ. ಇದು ಆವತ್ತು ನನಗೆ ಹೊಳೆದಿರಲಿಲ್ಲ.

ಜಗಳದ ಮೂರನೇ ದಿನ ಅಜ್ಜ ಬಾಯಿ ಹಾಕಿದರು. ಅವರಿಗೆ ಮೆಟಾಲಿಕಾ ಗೊತ್ತಿಲ್ಲ, ಭೀಮಸೇನ ಜೋಶಿ ಗೊತ್ತು. ಜೋಶಿಯವರು 1922ರಲ್ಲಿ ಹುಟ್ಟಿದ್ದು ನಮ್ಮ ರೋಣದಲ್ಲೇ ಅಂತ ಅಜ್ಜ ಯಾರಿಗೆ ಬೇಕಾದರೂ ಹೇಳ್ತಾರೆ, ಬಸ್‌ನಲ್ಲಿ ಪಕ್ಕ ಕೂತವರಿಗೂ. ಅವರು ಕಲಿತಿದ್ದು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ, ಕಿರಾಣಾ ಘರಾಣೆ. ಒಂದೊಂದೇ ಸ್ವರವನ್ನ ನಿಧಾನಕ್ಕೆ ಬಿಡಿಸೋದು ಆ ಘರಾಣೆಯ ಗುಣ. ಜೋಶಿಯವರು ಅದಕ್ಕೆ ಗುಡುಗಿನಂಥ ತಾನುಗಳನ್ನ ಸೇರಿಸಿದರು, ಬೇರೆ ಘರಾಣೆಯವರಿಂದಲೂ ತಗೊಂಡರು. ಆಮೇಲೆ ಮರಾಠಿ ಅಭಂಗ, ಕನ್ನಡ ದಾಸರ ಪದ ಹಾಡಿ ಖಯಾಲ್ ಕೇಳದ ಮನೆಗಳಿಗೂ ಮುಟ್ಟಿದರು. “ಗಜೇಂದ್ರಗಡದಾಗ ನನ್ನ ಗೆಳೆಯಾ ಒಬ್ಬಾವ ಇದ್ದ. ಭೀಮಸೇನ ಅಭಂಗ ಹಾಡಾಕ ಹತ್ತಿದ ಮ್ಯಾಲೆ ಕೆಟ್ಟ ಅಂತಿದ್ದ. ನಾ ಅವನ ಕೂಡ ಇಪ್ಪತ್ತು ವರ್ಷ ಜಗಳಾಡೇನಿ” ಅಂದರು ಅಜ್ಜ.

ಅಜ್ಜನಿಗೂ ಗೊತ್ತಿಲ್ಲದ ಒಂದು ವಿಷಯ ನಾನು ಆಮೇಲೆ ಓದಿದೆ. ಕಿರಾಣಾದ ದೊಡ್ಡ ಹೆಸರು ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವರ ಗುರು. ಅವರೇ ಮೈಸೂರಿನ ಒಡನಾಟದಲ್ಲಿ ಕರ್ನಾಟಕ ಸಂಗೀತದ ಸರಗಮ್ ರೀತಿಯನ್ನ ತಮ್ಮ ಹಾಡಿಗೆ ಸೇರಿಸಿಕೊಂಡಿದ್ದರು. ಶುದ್ಧ ಅಂತ ಕಾಯುತ್ತಿದ್ದದ್ದೂ ಮೊದಲೇ ಬದಲಾಗಿತ್ತು. ಮೆಟಾಲಿಕಾದಲ್ಲೂ ಅಷ್ಟೇ: 1984ರಲ್ಲಿ ‘ಫೇಡ್ ಟು ಬ್ಲ್ಯಾಕ್’ ಅಕೂಸ್ಟಿಕ್ ಗಿಟಾರ್‌ನಿಂದ ಶುರುವಾಗುತ್ತೆ ಅಂತ ಬೈದವರಿದ್ದರು. ಅದು ಇವತ್ತು ಅಣ್ಣನ ‘ಹಳೇ ಮೆಟಾಲಿಕಾ’ ಲಿಸ್ಟ್‌ನಲ್ಲಿ ಎರಡನೇ ಹಾಡು.

ಹಾಗಂತ ಹಳಬರ ಎಲ್ಲಾ ದೂರು ಬರೀ ಸೆಂಟಿಮೆಂಟ್ ಅಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಬ್ಯಾಂಡ್ ಹಳೇ ಸ್ಟೈಲಿಗೆ ವಾಪಸ್ ಬಂತು. ಅಭಿಮಾನಿಗಳು ಖುಷಿಪಡಬೇಕಿತ್ತು. ಆದರೆ ಸದ್ದು ಎಷ್ಟು ಜೋರಾಗಿ ಮಾಸ್ಟರ್ ಮಾಡಿದ್ದರೆಂದರೆ ವೇವ್‌ಫಾರ್ಮ್‌ನ ತುದಿಗಳೆಲ್ಲಾ ಕತ್ತರಿಸಿಹೋಗಿದ್ದವು. ನಮ್ಮ ಇಸಿಇ ಲ್ಯಾಬ್‌ನಲ್ಲಿ ಆಂಪ್ಲಿಫೈಯರ್‌ಗೆ ಇನ್‌ಪುಟ್ ಜಾಸ್ತಿ ಕೊಟ್ಟಾಗ ಸಿಆರ್‌ಒ ಮೇಲೆ ಸೈನ್ ವೇವ್‌ನ ತಲೆ ಚಪ್ಪಟೆ ಆಗುತ್ತಲ್ಲ, ಅದೇ ಕ್ಲಿಪ್ಪಿಂಗ್. ‘ಗಿಟಾರ್ ಹೀರೋ’ ಗೇಮ್‌ಗೆ ಕೊಟ್ಟಿದ್ದ ಅದೇ ಹಾಡುಗಳಲ್ಲಿ ಇಷ್ಟು ಕ್ಲಿಪ್ಪಿಂಗ್ ಇರಲಿಲ್ಲ. ಕೇಳುಗರೇ ಎರಡನ್ನೂ ಹೋಲಿಸಿ ಹಿಡಿದರು, ಸಾವಿರಾರು ಜನ ಮತ್ತೆ ಮಿಕ್ಸ್ ಮಾಡಿ ಅಂತ ಸಹಿ ಹಾಕಿದರು. ಇಂಥ ಕಿವಿ ಬರೋದು ಜಗಳಗಂಟ ಅಭಿಮಾನಿಗೇ.

ಅಣ್ಣ ಈಗ ಮಾತಾಡ್ತಾನೆ. ಕಪ್ಪು ಆಲ್ಬಮ್ ಇನ್ನೂ ಒಪ್ಪಿಲ್ಲ, ನಾನೂ ಬಿಟ್ಟಿಲ್ಲ. 2003ರ ‘ಸೇಂಟ್ ಆ್ಯಂಗರ್’ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪಾರ್ಟಿ: ಆ ಸ್ನೇರ್ ಡ್ರಮ್ ಥೇಟ್ ನಮ್ಮ ಹಿತ್ತಲದ ಖಾಲಿ ಕೊಡ.