ನಾಟಕದ ಹುಡುಗ ಮಿರಜಿಗೆ ಬಂದ ದಾರಿ

ಮಲ್ಲಿಕಾರ್ಜುನ ಮನಸೂರರು ಮೊದಲು ಜನರೆದುರು ಹಾಡಿದ್ದು ಸಂಗೀತ ಸಭೆಯಲ್ಲಲ್ಲ, ನಾಟಕದ ರಂಗದ ಮೇಲೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಈ ರೈತನ ಮಗ, ಅಣ್ಣ ಬಸವರಾಜರ ಬೆನ್ನು ಹಿಡಿದು ಎಳೆವಯಸ್ಸಿನಲ್ಲೇ ವಾಮನರಾವ್ ಮಾಸ್ತರರ ನಾಟಕ ಮಂಡಳಿ ಸೇರಿದರು. ಧ್ವನಿವರ್ಧಕವಿಲ್ಲದ ಕಾಲವದು. ಕಟ್ಟಕಡೆಯ ಸಾಲಿನವರಿಗೂ ಹಾಡು ಕೇಳಿಸಬೇಕು. ಮೆಚ್ಚಿದ ಪ್ರೇಕ್ಷಕರು ‘ವನ್ಸ್ ಮೋರ್’ ಎಂದರೆ ದಣಿವಿದ್ದರೂ ಮತ್ತೆ ಹಾಡಬೇಕು. ಅದಕ್ಕಿಂತ ಕಠಿಣವಾದ ಪಾಠಶಾಲೆ ಬೇರೆ ಯಾವುದಿದ್ದೀತು!

ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠವಾಯಿತು. ಮುಂದೆ ಮಿರಜಿನ ನೀಲಕಂಠಬುವಾ ಆಲೂರಮಠರ ಬಳಿ ಆರು ವರ್ಷ ಗ್ವಾಲಿಯರ್ ಪದ್ಧತಿಯ ಶಿಕ್ಷಣ. ಬುವಾ ಅವರು ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಕನ್ನಡ ಕಲಿತ ಮಗು ಗಡಿಯಾಚೆಯ ಲೋಕದಲ್ಲಿ ತಡವರಿಸೀತೆಂದು ಜಳಕೋಟ, ಉದಗೀರ, ಉಮರ್ಗಾದ ಮನೆಗಳಲ್ಲಿ ಆತಂಕಪಡುವವರುಂಟು. ಮನಸೂರರಿಗೆ ಮನೆಮಾತು ಕನ್ನಡ, ಗುರುಗಳ ಊರಿನದು ಮರಾಠಿ, ಖ್ಯಾಲಿನ ಬಂದಿಶ್‌ಗಳದು ಬ್ರಜಭಾಷೆ. ಎಲ್ಲವನ್ನೂ ಕಲಿತರು. ವೃದ್ಧಾಪ್ಯದಲ್ಲಿ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಹೇಳಿದ್ದು ಮಾತ್ರ ಕನ್ನಡದಲ್ಲಿಯೇ.

ಹರೆಯದಲ್ಲೇ ಹೆಸರು ಬಂತು. ಗೌಡ ಮಲ್ಹಾರ, ಅಡಾಣ ರಾಗಗಳ ಗ್ರಾಮಫೋನ್ ಮುದ್ರಿಕೆಯನ್ನು ಎಚ್‌ಎಂವಿ ಕಂಪನಿ ಹೊರತಂದಿತು. ಅಷ್ಟಕ್ಕೇ ತೃಪ್ತರಾಗಿ ಕಚೇರಿ ಮಾಡಿಕೊಂಡು ಇದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮುಂಬಯಿಯಲ್ಲಿ ಅಲ್ಲಾದಿಯಾಖಾನರ ಮಗ ಮಂಜೀಖಾನರ ಪರಿಚಯವಾದಾಗ, ಮುದ್ರಿಕೆಗಳಲ್ಲಿ ಹೆಸರು ಅಚ್ಚಾಗಿದ್ದ ಈ ಗಾಯಕ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಕುಳಿತರು. ಜೈಪುರ-ಅತ್ರೌಲಿ ಘರಾಣೆಯ ಮಾರ್ಗವೇ ಬೇರೆ: ಅಪರೂಪದ ರಾಗಗಳು, ಎರಡು ರಾಗಗಳು ಹೆಣೆದುಕೊಂಡ ಜೋಡುರಾಗಗಳು, ಒಂದೇ ಉಸಿರಿನಲ್ಲಿ ತಾಳದ ಲೆಕ್ಕ ತಪ್ಪದೆ ಸಾಗುವ ಉದ್ದುದ್ದನೆಯ ಸ್ವರಪಂಕ್ತಿಗಳು. ಕಲಿತ ಗ್ವಾಲಿಯರ್ ಗಾಯನವನ್ನು ಬಿಡದೆ ಇದನ್ನು ಮೈಗೂಡಿಸಿಕೊಳ್ಳುವುದು, ಕಲಿಯದವನು ಹೊಸತಾಗಿ ಕಲಿಯುವುದಕ್ಕಿಂತ ಕಷ್ಟದ ಕೆಲಸ.

ಆ ಪಾಠವೂ ಬಹುಕಾಲ ನಡೆಯಲಿಲ್ಲ. 1937ರಲ್ಲಿ ಮಂಜೀಖಾನರು ತೀರಿಕೊಂಡರು. ಮನಸೂರರಿಗೆ ಆಗ ಇಪ್ಪತ್ತಾರು ವರ್ಷ. ಅರ್ಧಕ್ಕೆ ನಿಂತ ವಿದ್ಯೆಯನ್ನು ಮುಂದುವರಿಸಲು ಅವರು ಗುರುವಿನ ತಮ್ಮ ಭೂರ್ಜೀಖಾನರ ಎದುರು ಮತ್ತೆ ತಂಬೂರಿ ಹಿಡಿದು ಕುಳಿತರು.