ಕೌದಳ್ಳಿಯ ಕೋಲು, ಟಾಲೆಮಿಯ ನಕ್ಷೆ

ಪ್ರಾಚೀನ ಗ್ರೀಕರ ಭೂಪಟದಲ್ಲಿ ನಮ್ಮ ಸೀಮೆ ಇತ್ತೇ ಎಂದು ಕೌದಳ್ಳಿಯ ಓದುಗರೊಬ್ಬರು ಕೇಳಿದ್ದಾರೆ. ಕೌದಳ್ಳಿ ಇಲ್ಲ. ಆದರೆ ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಸುಮಾರು 8,000 ಸ್ಥಳಗಳ ಅಕ್ಷಾಂಶ, ರೇಖಾಂಶ ಬರೆದಿಟ್ಟ ಟಾಲೆಮಿಯ ಪಟ್ಟಿಯಲ್ಲಿ ‘ಪುನ್ನಾತ’ ಎಂಬ ಹೆಸರಿದೆ, ಅಲ್ಲಿ ಬೆರಿಲ್ ಹರಳು ಸಿಗುತ್ತದೆ ಎಂಬ ಮಾತೂ ಇದೆ. ಕಪಿಲೆಯ ದಂಡೆಯ ಕಿತ್ತೂರಿನಿಂದ ಆಳಿದ ಅರಸರ ಪುನ್ನಾಟವೇ ಇದು ಎಂದು ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ಗ್ರೀಕರ ‘ಬೆರುಲ್ಲೋಸ್’ ಕೂಡ ವೈಡೂರ್ಯದ ಪ್ರಾಕೃತ ರೂಪ ‘ವೇಳುರಿಯ’ದಿಂದ ಹೋದ ಪದ. ಹರಳಿನ ಜೊತೆ ಅದರ ಹೆಸರೂ ಹಡಗು ಹತ್ತಿತ್ತು!

ಹಾಗೆಂದು ಟಾಲೆಮಿ ಕೊಟ್ಟ ಅಂಕಿ ಹಿಡಿದು ಊರು ಹುಡುಕಹೊರಟರೆ ದಾರಿ ತಪ್ಪುತ್ತದೆ. ಅವನ ನಕ್ಷೆಯಲ್ಲಿ ನಮ್ಮ ಪರ್ಯಾಯ ದ್ವೀಪವೇ ಚಪ್ಪಟೆ. ಪಶ್ಚಿಮ ಕರಾವಳಿ ದಕ್ಷಿಣಕ್ಕೆ ಇಳಿಯದೆ ಪೂರ್ವಕ್ಕೆ ಓಡುತ್ತದೆ, ಶ್ರೀಲಂಕಾ ನಿಜಕ್ಕಿಂತ ಹತ್ತು ಪಟ್ಟಿಗಿಂತಲೂ ದೊಡ್ಡದು.

ಯಾಕೆ ಹೀಗಾಯಿತು? ಶಿವರಾತ್ರಿಗೆ ಕೌದಳ್ಳಿ ಹಾದು ಮಾದಪ್ಪನ ಬೆಟ್ಟಕ್ಕೆ ನಡೆಯುವವರನ್ನು ದೂರ ಎಷ್ಟು ಎಂದು ಕೇಳಿ ನೋಡಿ. ಕಿಲೋಮೀಟರ್ ಹೇಳುವುದಿಲ್ಲ. ಇಷ್ಟೊತ್ತಿಗೆ ಹೊರಟರೆ ಇಷ್ಟೊತ್ತಿಗೆ ತಾಳುಬೆಟ್ಟ, ಅಲ್ಲಿ ದಣಿವಾರಿಸಿಕೊಂಡು ಹತ್ತಿದರೆ ಬೆಟ್ಟ ಎನ್ನುತ್ತಾರೆ. ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ. ಅದರಿಂದಲೇ ನಕ್ಷೆ ಬರೆದರೆ ಮಾತ್ರ ಘಾಟಿಯ ತಿರುವು, ಏರು, ದಣಿವು ಎಲ್ಲವೂ ದೂರವಾಗಿಬಿಡುತ್ತವೆ. ಟಾಲೆಮಿಗೆ ಸಿಕ್ಕಿದ್ದೂ ವರ್ತಕರ, ನಾವಿಕರ ಇಂಥ ಲೆಕ್ಕವೇ. ಅದರ ಕೊರತೆಯನ್ನು ಅವನು ಬಲ್ಲವನಾಗಿದ್ದ. ಭಾರತದ ಕರಾವಳಿಯ ಹಡಗುದಾರಿಯಲ್ಲಿ ಅಂಕುಡೊಂಕಿಗೆಂದು ಮೂರನೇ ಒಂದು ಪಾಲು ಕಳೆದೂ ನೋಡಿದ. ಈ ಪ್ರಾಮಾಣಿಕತೆಗಾಗಿಯೇ ನನಗೆ ಅವನ ಮೇಲೆ ಗೌರವ.

ರೇಖಾಂಶವನ್ನು ಸರಿಯಾಗಿ ತಿಳಿಯಲು ಒಂದೇ ಗ್ರಹಣವನ್ನು ಎರಡು ಊರುಗಳಲ್ಲಿ ನೋಡಿ ಹೊತ್ತು ಹೋಲಿಸಬೇಕು. ಅವನ ಕೈಯಲ್ಲಿದ್ದ ಉದಾಹರಣೆ ಕ್ರಿ.ಪೂ. 331ರ ಚಂದ್ರಗ್ರಹಣ. ಇಂದಿನ ಇರಾಕಿನ ಅರ್ಬೇಲಾಕ್ಕೂ ಟ್ಯುನೀಷಿಯಾದ ಕಾರ್ತೇಜಿಗೂ ಮೂರು ಗಂಟೆ ಅಂತರ, ಅಂದರೆ 45 ಡಿಗ್ರಿ ಎಂದುಕೊಂಡ. ನಿಜವಾದ ಅಂತರ ಸುಮಾರು 34.

ಅಕ್ಷಾಂಶ ಹೇಳುವ ನೆರಳು ಮಾತ್ರ ಇಷ್ಟು ಮೋಸ ಮಾಡುವುದಿಲ್ಲ. ಟಾಲೆಮಿಗಿಂತ ಸುಮಾರು ನಾಲ್ಕು ಶತಮಾನ ಮೊದಲೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್, ದಕ್ಷಿಣ ಈಜಿಪ್ಟಿನ ಸೈಯೀನ್‌ನಲ್ಲಿ ನೆರಳೇ ಬೀಳದ ಮಧ್ಯಾಹ್ನ ಅಲೆಕ್ಸಾಂಡ್ರಿಯಾದಲ್ಲಿ ಬಿದ್ದ ನೆರಳಿನ ಕೋನ ವೃತ್ತದ 50ರಲ್ಲಿ ಒಂದು ಭಾಗ ಎಂದು ಕಂಡು, ಎರಡೂ ಊರುಗಳ ನಡುವಿನ ದೂರವನ್ನು 50ರಿಂದ ಗುಣಿಸಿ ಇಡೀ ಭೂಮಿಯ ಸುತ್ತಳತೆ ಲೆಕ್ಕಹಾಕಿದ. ಸೈಯೀನ್‌ಗೆ ಅಂಥ ಮಧ್ಯಾಹ್ನ ವರ್ಷಕ್ಕೊಮ್ಮೆ. 12 ಡಿಗ್ರಿ ಅಕ್ಷಾಂಶದ ಆಸುಪಾಸಿನ ಕೌದಳ್ಳಿಗೆ ಎರಡು ಸಲ: ಏಪ್ರಿಲ್ 22ರ ಮತ್ತು ಆಗಸ್ಟ್ 20ರ ಹತ್ತಿರ.

ಕೌದಳ್ಳಿಯಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 650 ಕಿಲೋಮೀಟರ್ ದೂರದಲ್ಲಿ ಬೀದರ್ ಇದೆ. ಏಪ್ರಿಲ್‌ನ ಆ ಮಧ್ಯಾಹ್ನ ಕೌದಳ್ಳಿಯ ಶಾಲೆಯಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿಗೆ ನೆರಳಿರುವುದಿಲ್ಲ. ಅದೇ ಹೊತ್ತಿಗೆ ಬೀದರಿನ ಮಕ್ಕಳು ತಮ್ಮ ಕೋಲಿನ ನೆರಳು ಅಳೆದು ಫೋನಿನಲ್ಲಿ ಹೇಳಲಿ. ಅದು ಸುಮಾರು 10 ಸೆಂಟಿಮೀಟರ್, ಕೋನ ಆರು ಡಿಗ್ರಿಗೆ ಚೂರು ಕಡಿಮೆ. 360ನ್ನು ಆ ಕೋನದಿಂದ ಭಾಗಿಸಿ 650ರಿಂದ ಗುಣಿಸಿದರೆ 40,000 ಕಿಲೋಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ.